ನಂಬಲಾಗದವನ ಹತ್ತಿರ ಇಟ್ಟ ಸಂಖ್ಯೆ

ಮುಂಬಯಿ
12 ಅಕ್ಟೋಬರ್ 2008

ಧರ್ಮೇಶ್,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕುಶಲ ವಿಚಾರಿಸಲು ಅಲ್ಲ, ಒಂದು ಕೆಲಸ ಇದೆ.

ನಾನು ಇಲ್ಲಿ ನ್ಯೂಟ್ರಿನೊ ಮೇಲೆ ಪಿಎಚ್.ಡಿ. ಮಾಡುತ್ತಿರುವುದು ನಿನ್ನ ಕಿವಿಗೆ ಬಿದ್ದಿರಬಹುದು. ಹೊರದೇಶದಲ್ಲಿ ನಾಲ್ಕಂತಸ್ತಿನ ಕಟ್ಟಡದಷ್ಟು ಎತ್ತರದ ಒಂದು ಎಣ್ಣೆ ಟ್ಯಾಂಕ್ ಇದೆ. ನ್ಯೂಟ್ರಿನೊ ಅದರಲ್ಲಿ ಹಾದುಹೋದರೂ ಕಾಣುವುದಿಲ್ಲ. ಕೋಟಿಕೋಟಿಯಲ್ಲಿ ಒಂದು ಯಾವುದೋ ನ್ಯೂಕ್ಲಿಯಸ್ಸಿಗೆ ಹೊಡೆದಾಗ ಮ್ಯುಆನ್ ಎಂಬ ಕಣ ಚಿಮ್ಮಿ ಎಣ್ಣೆಯಲ್ಲಿ ಬೆಳಕು ಬೀರುತ್ತದೆ. ನಮಗೆ ಕಾಣುವುದು ಆ ಬೆಳಕಷ್ಟೇ. ನ್ಯೂಕ್ಲಿಯಸ್ಸಿನ ಒಳಗೆ ಏನು ನಡೆಯಿತು ಎಂಬುದನ್ನು ಒಂದು ಪ್ರೋಗ್ರಾಂ ಇಟ್ಟುಕೊಂಡು ಊಹಿಸಬೇಕು. ಆ ಊಹೆಯ ನಡುಮಧ್ಯೆ ಒಂದು ಸಂಖ್ಯೆ ಇದೆ. ಅದು ದೊಡ್ಡದಾದಷ್ಟೂ ಹೊಡೆತಗಳು ಹೆಚ್ಚು. ಹಳೆಯ ಪ್ರಯೋಗಗಳು ಅದನ್ನು 1.03 ಎಂದಿವೆ. ಬೆಳಕನ್ನು ನೋಡಿ ಆ ಸಂಖ್ಯೆಯನ್ನೂ, ಅದರಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಹೇಳುವ ವಿಧಾನವೊಂದನ್ನು ಮೂರು ವರ್ಷದಿಂದ ಕಟ್ಟಿದ್ದೇನೆ.

ಅದನ್ನು ನಿಜವಾದ ದತ್ತಾಂಶದ ಮೇಲೆ ಓಡಿಸುವ ಮೊದಲು ಪರೀಕ್ಷೆಯಾಗಬೇಕು. ಹೊರಗಿನವರೊಬ್ಬರು ಪ್ರೋಗ್ರಾಮಿನಲ್ಲಿ ಗುಟ್ಟಾಗಿ ಏನನ್ನಾದರೂ ಬದಲಿಸಿ, ಸುಳ್ಳು ದತ್ತಾಂಶ ತಯಾರಿಸಿ ನನಗೆ ಕಳಿಸಬೇಕು. ಬದಲಿಸಿದ್ದೇನು ಎಂದು ಬರೆದು, ಲಕೋಟೆ ಅಂಟಿಸಿ, ನನ್ನ ಗೈಡಿಗೆ ಕಳಿಸಬೇಕು. ಫೆಬ್ರವರಿ ಹದಿನೆಂಟಕ್ಕೆ ಸಮಿತಿಯ ಎದುರು ಲಕೋಟೆ ಒಡೆಯುತ್ತಾರೆ. ನನ್ನ ಉತ್ತರ ಸರಿಯಾದರೆ ನಿಜವಾದ ದತ್ತಾಂಶ ನನ್ನ ಕೈಗೆ. ತಪ್ಪಾದರೆ ಅದು ಇನ್ನೊಂದು ಗುಂಪಿಗೆ, ನನ್ನ ಮೂರು ವರ್ಷ ಕಪಾಟಿಗೆ.

ಗೈಡ್ ಹೇಳಿದರು: "ನಂಬಿಕಸ್ಥರ ಕೈಲಿ ಮಾಡಿಸಬೇಡ, ಕರುಣೆ ತೋರಿಸುತ್ತಾರೆ. ನೀನು ಎಲ್ಲರಿಗಿಂತ ಕಡಿಮೆ ಯಾರನ್ನು ನಂಬುತ್ತೀಯೋ ಅವರಿಗೆ ಕೊಡು."

ನನಗೆ ಯೋಚಿಸಲು ಹೊತ್ತು ಬೇಕಾಗಲಿಲ್ಲ.

ಫೋನ್ ಮಾಡಬೇಡ. ನಿನ್ನ ಧ್ವನಿಗೆ ಒಮ್ಮೆ ಮೋಸ ಹೋಗಿದ್ದೇನೆ. ಎಲ್ಲವೂ ಬರಹದಲ್ಲಿರಲಿ, ಪ್ರತಿ ಇಟ್ಟುಕೊಳ್ಳುತ್ತೇನೆ.

ದಾಕ್ಷಾಯಿಣಿ

*

ಕೊಪ್ಪ
25 ಅಕ್ಟೋಬರ್ 2008

ಶ್ರೀಮತ್ ಅದೃಶ್ಯಕಣಾನ್ವೇಷಿಣಿ, ನರಸಿಂಹರಾಜಪುರದ ಜವಳಿ ಅಂಗಡಿ ಜಯದೇವಪ್ಪನವರ ಏಕಮಾತ್ರ ಕುವರಿ, ದಾಕ್ಷಾಯಿಣಿಯವರ ದಿವ್ಯಸನ್ನಿಧಾನಕ್ಕೆ—

ಕೊಪ್ಪದ ಜೂನಿಯರ್ ಕಾಲೇಜಿನ ಅರೆಕಾಲಿಕ ಭೌತಶಾಸ್ತ್ರ ಉಪನ್ಯಾಸಕನೂ, ಪೂರ್ಣಕಾಲಿಕ ಕಂಪ್ಯೂಟರ್ ರಿಪೇರಿಯವನೂ ಆದ ಧರ್ಮೇಶನು ಮಾಡುವ ಸಾಷ್ಟಾಂಗ ಪ್ರಣಾಮಗಳು. ತಮ್ಮ ನಿರೂಪ ತಲುಪಿತು. ಅಖಿಲ ಭೂಮಂಡಲದಲ್ಲಿ ಅತ್ಯಂತ ಅಪನಂಬಿಕೆಗೆ ಪಾತ್ರನಾದ ಮನುಷ್ಯನೆಂದು ನನ್ನನ್ನು ಆರಿಸಿದ್ದು ಕೇಳಿ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಪದವಿ ನಮ್ಮ ತಾಲ್ಲೂಕಿಗೆ ಹಿಂದೆಂದೂ ಬಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಲ್ಲಿ ಯಾರೊಬ್ಬರೂ ಆಶ್ಚರ್ಯಪಡದೇ ಇದ್ದದ್ದು ಮಾತ್ರ ಸ್ವಲ್ಪ ಬೇಜಾರಾಯಿತು.

ಕೆಲಸ ಒಪ್ಪಿದ್ದೇನೆ. ಒಂದೇ ಒಂದು ಸಂದೇಹ. "ಏನನ್ನಾದರೂ ಬದಲಿಸಿ" ಎಂದು ಬರೆದಿದ್ದೀರಿ. ಏನನ್ನಾದರೂ ಅಂದರೆ ಏನನ್ನಾದರೂ ತಾನೇ? ಮುಂದೆ ನ್ಯಾಯ ಪಂಚಾಯಿತಿ ಆಗುವುದು ಬೇಡವೆಂದು ಕೇಳಿದೆ. ನನ್ನ ಪ್ರಾಮಾಣಿಕತೆಯ ಬಗ್ಗೆ ಕಿಗ್ಗದ ದೇವರ ಮೇಲೆ ಆಣೆ ಇಡಲೂ ಸಿದ್ಧನಿದ್ದೇನೆ.

ತಮ್ಮ ಅಪನಂಬಿಕೆಗೆ ಸದಾ ಪಾತ್ರನಾದ,
ಧರ್ಮೇಶ

*

ಮುಂಬಯಿ
3 ನವೆಂಬರ್ 2008

ಧರ್ಮೇಶ್,

ದೇವರನ್ನು ಇದರಲ್ಲಿ ಎಳೆಯಬೇಡ. ಎಂ.ಎಸ್ಸಿ.ಯಲ್ಲಿ ನಮ್ಮ ಕ್ಲಾಸಿನ ಬಸವೇಶನ ಸೈಕಲ್ ಮರದ ಮೇಲೆ ಸಿಕ್ಕಾಗಲೂ ನೀನು "ನಾನಲ್ಲ" ಎಂದು ಅದೇ ದೇವರ ಮೇಲೆ ಆಣೆ ಇಟ್ಟಿದ್ದೆ.

ನಿನ್ನ ಸಂದೇಹವನ್ನು ಗೈಡಿಗೆ ತೋರಿಸಿದೆ. ಅವರು ನಕ್ಕು, "ಏನನ್ನಾದರೂ. ಪ್ರಕೃತಿ ನಿನ್ನ ಒಪ್ಪಿಗೆ ಕೇಳಿ ಬದಲಿಸುತ್ತದೆಯೇ?" ಎಂದರು. ನನಗೆ ನಗು ಬರಲಿಲ್ಲ. ನೀನು ಆ ಪ್ರಶ್ನೆ ಯಾಕೆ ಕೇಳಿದೆ?

ಪ್ರೋಗ್ರಾಮಿನ ಸಿ.ಡಿ. ಇದರ ಜೊತೆಗಿದೆ. ತಿರುಗಿಸಬಹುದಾದ ತಿರುಪುಗಳು, ಅಂದರೆ ಬದಲಿಸಬಹುದಾದ ಅಂಕಿಗಳು, ಐದು. ಪಟ್ಟಿ ಒಳಗಿದೆ. ಇನ್ನು ನಾನು ಏನೂ ಕೇಳುವುದಿಲ್ಲ, ನೀನು ಏನೂ ಹೇಳಬೇಡ.

ದಾಕ್ಷಾಯಿಣಿ

*

ಕೊಪ್ಪ
8 ಡಿಸೆಂಬರ್ 2008

ಶ್ರೀಮತ್ ಪ್ರಶ್ನಾಪರಮೇಶ್ವರಿ ದಾಕ್ಷಾಯಿಣಿಯವರಲ್ಲಿ—

ಸುಳ್ಳು ದತ್ತಾಂಶವು ಸಕಲ ರಾಜಮರ್ಯಾದೆಗಳೊಂದಿಗೆ ಹೊರಟಿದೆ. ಲಕ್ಷದ ಹತ್ತು ಸಾವಿರ ಹೊಡೆತಗಳು. ಲಕೋಟೆಯನ್ನು ಅರಗು ಹಾಕಿ ನಿಮ್ಮ ಗುರುಗಳಿಗೆ ಬೇರೆಯಾಗಿ ಕಳಿಸಿದ್ದೇನೆ. ಅರಗಿನ ಮೇಲೆ ನನ್ನ ಹೆಬ್ಬೆಟ್ಟಿನ ಮುದ್ರೆಯಿದೆ, ಬೆರಳು ಸುಟ್ಟುಕೊಂಡದ್ದಕ್ಕೆ ಅದೇ ಸಾಕ್ಷಿ.

ಫೈಲುಗಳ ತಾರೀಖು 2002ನೇ ಇಸವಿ ಎಂದು ತೋರಿಸುತ್ತದೆ. ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಾಲೇಜಿನ ಕಂಪ್ಯೂಟರಿನ ಬ್ಯಾಟರಿ ಸತ್ತು ವರ್ಷವಾಯಿತು. ಕರೆಂಟು ಹೋದಾಗಲೆಲ್ಲ ಅದು 2002ಕ್ಕೆ ವಾಪಸಾಗುತ್ತದೆ. ಇಲ್ಲಿ ಸಿ.ಡಿ. ಬರೆಯುವ ಯಂತ್ರವೂ ಕೆಟ್ಟಿದ್ದರಿಂದ ಶೃಂಗೇರಿಗೆ ಹೋಗಿ ಬರೆಸಿದೆ. ಸೈಬರ್ ಅಂಗಡಿಯವನು, "ಎಂತ ಸಿನ್ಮಾ ಸರ್ ಇದು?" ಅಂದ. "ಭಕ್ತಿಪ್ರಧಾನ" ಅಂದೆ. "ಹಂಗಾರೆ ನಂಗೂ ಒಂದು ಕಾಪಿ ಇರ್ಲಿ ಮಾರಾಯ್ರೆ" ಅಂತ ಒಂದು ಪ್ರತಿ ಮಾಡಿಟ್ಟುಕೊಂಡಿದ್ದಾನೆ. ಪಾಪ, ಮನೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹಾಕಿರುತ್ತಾನೆ.

ಮೇಗುಂದದಲ್ಲಿ ದೊಡ್ಡಪ್ಪ ವಾಸಪ್ಪನವರ ಅಂಗಳದಲ್ಲಿ ಅಡಿಕೆ ಸುಲಿತ ಶುರುವಾಗಿದೆ. ರಜೆಯ ದಿನಗಳಲ್ಲಿ ನನ್ನ ವಾಸ್ತವ್ಯ ಅಲ್ಲೇ.

ನಿಶ್ಶಬ್ದಪಾಲಕ,
ಧರ್ಮೇಶ

*

ಮುಂಬಯಿ
20 ಜನವರಿ 2009

ಧರ್ಮೇಶ್,

ಮೊದಲು ಹೇಳಬೇಕಾದ್ದು: ನಾನು ನಿನ್ನ ಸಿ.ಡಿ.ಯನ್ನು ಪೊಲೀಸರು ಮನೆ ಶೋಧಿಸುವ ಹಾಗೆ ಶೋಧಿಸಿದೆ. ಸಾಲು ಎಣಿಸಿದೆ, ಎರಡೆರಡು ಸಲ ಬಂದ ಹೊಡೆತಗಳಿವೆಯೇ ನೋಡಿದೆ, ನಡುವೆ ನಿನ್ನ ಹುಟ್ಟಿದ ದಿನ ಅಡಗಿದೆಯೇ ಎಂದೂ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದ್ದಕ್ಕೆ ಇನ್ನೂ ಒಂದು ವಾರ ಹುಡುಕಿದೆ.

ಉತ್ತರ ಬಂದಿದೆ. 1.36. ತಪ್ಪು ಹೆಚ್ಚೆಂದರೆ 0.03. ಗೆರೆ ಚುಕ್ಕೆಗಳ ಮೇಲೆ ಎಷ್ಟು ಚೆನ್ನಾಗಿ ಕೂತಿದೆ ಎಂದರೆ ಗೈಡ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಂಖ್ಯೆಯನ್ನು ಅವರಿಗೆ ಬರೆದು ಕೊಟ್ಟಿದ್ದೇನೆ. ಸಮಿತಿ ಕೂರುವವರೆಗೆ ತಿದ್ದುವ ಅವಕಾಶವಿದೆ, ತಿದ್ದುವ ಅಗತ್ಯ ಕಾಣುತ್ತಿಲ್ಲ.

ಸರಿಯೋ ತಪ್ಪೋ ಹೇಳಬೇಡ. ನೀನು ಹೇಳಿದರೆ ಪರೀಕ್ಷೆ ಸತ್ತಂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿನ್ನ ಹತ್ತಿರ ಖುಷಿಯ ಸುದ್ದಿ ಹೇಳಬೇಕೆನಿಸಿತು, ಅಷ್ಟೇ.

ದಾಕ್ಷಾಯಿಣಿ

*

ಮೇಗುಂದ
27 ಜನವರಿ 2009

ಶ್ರೀಮತ್ ಅಂಕೆಸಂಖ್ಯಾಪ್ರವೀಣೆ ದಾಕ್ಷಾಯಿಣಿಯವರಲ್ಲಿ—

ತಮ್ಮ ಸಂಖ್ಯೆಯ ಬಗ್ಗೆ ಈ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಇದು ಕೇವಲ ಊರ ಸುದ್ದಿ. ಬಿಡುವಿದ್ದಾಗ ಓದತಕ್ಕದ್ದು. ಬಿಡುವು ಇಲ್ಲದಿದ್ದರೆ ಮಾಡಿಕೊಂಡು ಓದತಕ್ಕದ್ದು.

ನಮ್ಮ ದೊಡ್ಡಪ್ಪನ ಅಂಗಳದಲ್ಲಿ ಹದಿನೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಸುಲಿದದ್ದನ್ನು ಡಬ್ಬದಲ್ಲಿ ಅಳೆಯುವುದು ಪದ್ಧತಿ. ಸಂಜೆಗೆ ಒಬ್ಬೊಬ್ಬರದು ಎಂಟೊಂಬತ್ತು ಡಬ್ಬ. ಅನ್ನಮ್ಮ ಎಂಬಾಕೆಯದು ಮಾತ್ರ ಹನ್ನೆರಡು. ಹೋದ ವರ್ಷವೂ ಹನ್ನೆರಡೇ. ದೊಡ್ಡಪ್ಪ ಇದಕ್ಕೊಂದು ಸಿದ್ಧಾಂತ ಕಟ್ಟಿದರು: ಅವಳ ಕತ್ತಿಯ ಬಾಗು ಬೇರೆ. ಕತ್ತಿಯನ್ನು ಕಡ ತಂದು, ದಾರ ಹಿಡಿದು ಅಳೆದು, ಆಚಾರಿಯ ಹತ್ತಿರ ಅದೇ ಬಾಗಿನ ಹದಿನೇಳು ಕತ್ತಿ ಮಾಡಿಸಿ ಎಲ್ಲರಿಗೂ ಕೊಟ್ಟರು. ಮಾರನೇ ದಿನ ಎಲ್ಲರದೂ ಎಂಟೊಂಬತ್ತೇ. ಮೂವರ ಬೆರಳು ಕುಯ್ದಿತು.

"ಕತ್ತಿ ಅಲ್ಲ, ಕೈ ಕಣಾ. ದೇವ್ರು ಕೊಟ್ಟ ಕೈ," ಅಂದಳು ಅನ್ನಮ್ಮ.

ನಾನು ನವೆಂಬರಿನಲ್ಲಿ ಒಂದು ದಿನ ಬೇಲಿಯ ಆಚೆ ಹೋದೆ. ಹೋದದ್ದು ಯಾಕೆಂದು ಮಾನ್ಯರು ಕೇಳಬಾರದು, ಬೇಲಿಯ ಬಾಗಿಲಾದ ದಣಪೆಯ ಕೋಲು ಬಚ್ಚಿಡುವ ಒಂದು ಸಣ್ಣ ಕಾರ್ಯಕ್ರಮವಿತ್ತು. ಅಲ್ಲಿ ಚಿಕ್ಕಕ್ಕ ಕೂತಿದ್ದಾಳೆ, ಅನ್ನಮ್ಮನ ಓರಗಿತ್ತಿ. ಅವಳ ಗಂಡನಿಗೂ ದೊಡ್ಡಪ್ಪನಿಗೂ ಗಡಿ ಜಗಳ. "ಆ ಅಂಗಳ ತುಳಿದ್ರೆ ಕಾಲು ಮುರೀತೀನಿ" ಅಂದಿದ್ದಾನಂತೆ. ಅವಳು ತುಳಿದಿಲ್ಲ. ಬೇಲಿಯ ಆಚೆ ತನ್ನದೇ ಜಾಗದಲ್ಲಿ ಕೂತು ಸುಲಿಯುತ್ತಾಳೆ. ಬುಟ್ಟಿ ಬೇಲಿಯ ಸಂದಿನಲ್ಲಿ ಅತ್ತಿತ್ತ ಓಡಾಡುತ್ತದೆ. ಇಬ್ಬರದೂ ಒಂದೇ ಡಬ್ಬ. ಅಂಗಳದಲ್ಲಿ ನಿಂತವರಿಗೆ ಕಾಣುವುದು ಅನ್ನಮ್ಮ ಒಬ್ಬಳೇ.

"ಹೇಳ್ಬೇಡ ಮಾರಾಯ, ನಿಂಗೆ ಪುಣ್ಯ ಬತ್ತದೆ," ಅಂದಳು ಚಿಕ್ಕಕ್ಕ.

ಹೇಳಲಿಲ್ಲ. ದೊಡ್ಡಪ್ಪ ಈಗಲೂ ಕತ್ತಿಯ ಬಾಗನ್ನೇ ಅಳೆಯುತ್ತಿದ್ದಾರೆ. ಬಹಳ ನಿಖರವಾಗಿ ಅಳೆಯುತ್ತಾರೆ. ತಪ್ಪು ಹೆಚ್ಚೆಂದರೆ ಒಂದು ನೂಲಿನಷ್ಟು.

ಇತಿ ಊರ ಸುದ್ದಿ ಸಮಾಪ್ತಿ. ಇದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಬೇಕಾಗಿ ಪ್ರಾರ್ಥನೆ.

ಧರ್ಮೇಶ

*

ಮುಂಬಯಿ
4 ಫೆಬ್ರವರಿ 2009

ಧರ್ಮೇಶ್,

ನಾನು ದಡ್ಡಿ ಅಂದುಕೊಂಡಿದ್ದೀಯಾ? "ಒಂದಕ್ಷರವೂ ಇಲ್ಲ" ಎಂದು ಶುರುಮಾಡಿ ಎರಡು ಹಾಳೆ ತುಂಬ ಅದನ್ನೇ ಬರೆದಿದ್ದೀ.

ನಿನ್ನ ಆಟ ನನಗೆ ಗೊತ್ತು. ನಾನು ಸರಿಯಾದ ಸಂಖ್ಯೆಗೆ ಬಂದಿದ್ದೇನೆ. ಅದನ್ನು ಕಂಡು ನಿನಗೆ ತಡೆಯಲಾಗಲಿಲ್ಲ. ಈಗ ನನ್ನನ್ನು ಬೇಲಿಯ ಹಿಂದೆ ಯಾರೋ ಕೂತಿದ್ದಾರೆಂದು ಹುಡುಕಲು ಓಡಿಸಿ, ಕೊನೆಗೆ ನಾನೇ ಕೈಯಾರೆ ಸರಿಯಾದ್ದನ್ನು ತಿದ್ದಿಕೊಳ್ಳುವಂತೆ ಮಾಡಬೇಕು. ಆಮೇಲೆ ಹದಿನೆಂಟನೇ ತಾರೀಖು ಲಕೋಟೆ ಒಡೆದಾಗ ಕೊಪ್ಪದಲ್ಲಿ ಕೂತು ನಗಬೇಕು.

ಇದು ಎರಡನೇ ಸಲ. ಎಂ.ಎಸ್ಸಿ. ಕೊನೆಯ ಪ್ರಾಕ್ಟಿಕಲ್ಲಿನಲ್ಲಿ ನನಗೆ ಸೋಡಿಯಂ ಬೆಳಕಿನ ತರಂಗಾಂತರ ಆರನೇ ಒಂದರಷ್ಟು ತಪ್ಪಿ ಬಂತು. ಸರಿ ಉತ್ತರ ಯಾವುದೆಂದು ಇಡೀ ಕ್ಲಾಸಿಗೆ ಬಾಯಿಪಾಠ. ಬೇರೆಯವರಾಗಿದ್ದರೆ ಅದನ್ನೇ ಬರೆಯುತ್ತಿದ್ದರು. ನಾನು ಕಂಡದ್ದನ್ನು ಬರೆದೆ. ಮೂರು ಅಂಕಕ್ಕೆ ರ್‍ಯಾಂಕ್ ಹೋಯಿತು. ಅವತ್ತು ಬಾಗಿಲ ಹತ್ತಿರ ನೀನು ನಿಂತು, ಆ ಪೂಜಾರಿ ಮುಖ ಮಾಡಿಕೊಂಡು, "ದಾಕ್ಷಾಯಿಣಿ, ರೀಡಿಂಗ್ ಸರಿ ಇದೆಯಾ?" ಎಂದು ಕೇಳಿದ್ದೆ. ಬೆಳಕನ್ನು ಬಿಡಿಸುವ ಆ ಗೆರೆಗಾಜನ್ನು, ಗ್ರೇಟಿಂಗನ್ನು, ಬದಲಿಸಿದ್ದು ಯಾರೆಂದು ನಾನು ಆಮೇಲೆ ಕೇಳಲಿಲ್ಲ. ನೀನು ಹೇಳಲಿಲ್ಲ.

ಲಕೋಟೆ ಒಡೆಯುವವರೆಗೂ ಬರೆಯಬೇಡ.

ದಾಕ್ಷಾಯಿಣಿ

*

ಕೊಪ್ಪ
10 ಫೆಬ್ರವರಿ 2009

ದಾಕ್ಷಾಯಿಣಿ,

ಬರೆಯಬೇಡ ಅಂದಿದ್ದೀಯ. ಬರೆಯುತ್ತಿದ್ದೇನೆ.

ಲಕೋಟೆಯಲ್ಲಿ ಏನಿದೆ ಎಂದು ಹೇಳುವುದಿಲ್ಲ. ಹೇಳಿದರೆ ನೀನು ಅದನ್ನು ಬಳಸುವುದಿಲ್ಲ. ಬಳಸದೇ ಸುಮ್ಮನಿರಲೂ ಆಗದೆ ಸಮಿತಿಗೆ ಹೇಳಿಬಿಡುತ್ತೀ. ಆಗ ಎಲ್ಲ ಅಲ್ಲಿಗೇ ಮುಗಿಯಿತು. ನನಗೆ ನೀನು ಗೊತ್ತು.

ಹೇಳಬಹುದಾದದ್ದು ಹಳೆಯದು ಮಾತ್ರ. ಗ್ರೇಟಿಂಗ್ ಬದಲಿಸಿದ್ದು ನಾನು. ಹದಿನೈದು ಸಾವಿರ ಗೆರೆಯ ಚೌಕಟ್ಟಿಗೆ ಹನ್ನೆರಡೂವರೆ ಸಾವಿರದ್ದನ್ನು ಹಾಕಿದ್ದೆ. ಅದು ಬಸವೇಶನ ಮೇಜು ಎಂದುಕೊಂಡಿದ್ದೆ. ಅವನಾದರೆ ಉತ್ತರ ನೋಡಿ ಎದೆ ಬಡಿದುಕೊಂಡು, ಕೊನೆಗೆ ಬಾಯಿಪಾಠದ್ದನ್ನು ಬರೆದು ಏಳುತ್ತಿದ್ದ, ನಾವು ನಗುತ್ತಿದ್ದೆವು. ಬೆಳಿಗ್ಗೆ ಮೇಜು ಹಂಚಲು ಚೀಟಿ ಎತ್ತಿಸಿದಾಗ ಆ ಮೇಜು ನಿನಗೆ ಬಂತು. ಬಾಗಿಲಲ್ಲಿ ನಿಂತು ಕೇಳಿದ್ದು ಅಣಕಿಸಲು ಅಲ್ಲ. ಹೇಳಬೇಕೆಂದೇ ಬಂದಿದ್ದೆ. ಬಾಯಿಂದ ಅಷ್ಟೇ ಹೊರಬಿತ್ತು. ನೀನು "ಸರಿ ಇದೆ" ಅಂದೆ. ನಾನು ಹೋದೆ. ಸಾಯಂಕಾಲ ಕ್ಯಾಂಟೀನಿನಲ್ಲಿ ಬನ್ಸ್ ತಿಂದೆ.

ನೀನು ಪ್ರತಿ ಇಟ್ಟುಕೊಂಡಿದ್ದೀಯಲ್ಲ, ನನ್ನ ಪತ್ರಗಳನ್ನೆಲ್ಲ ಎದುರಿಗಿಟ್ಟುಕೊಂಡು ನೋಡು. ನಾನು ಸುಳ್ಳು ಹೇಳುವಾಗ, ಮುಚ್ಚಿಡುವಾಗ, "ಶ್ರೀಮತ್" ಅಂತ ಶುರುಮಾಡುತ್ತೇನೆ. ಸೈಕಲ್ ವಿಷಯಕ್ಕೆ ಆಣೆ ಇಟ್ಟಾಗಲೂ ಸಂಸ್ಕೃತದಲ್ಲೇ ಇಟ್ಟಿದ್ದೆ. ಊರ ಸುದ್ದಿಯನ್ನೂ ಹಾಗೇ ಬರೆದು ಕೆಡಿಸಿದೆ, ಯಾಕೆಂದರೆ ನೇರವಾಗಿ ಬರೆಯಲು ಹೆದರಿಕೆ. ನೀನು ನಂಬದೇ ಇದ್ದದ್ದು ನ್ಯಾಯ.

ನಿನ್ನ ಲೆಕ್ಕದಲ್ಲಿ ತಪ್ಪಿದೆ ಅಂತ ನಾನು ಹೇಳುತ್ತಿಲ್ಲ. ನಿನ್ನಷ್ಟು ಸರಿಯಾಗಿ ಲೆಕ್ಕ ಮಾಡುವವರನ್ನು ನಾನು ಕಂಡಿಲ್ಲ.

ಧರ್ಮೇಶ

*

ಮುಂಬಯಿ
20 ಫೆಬ್ರವರಿ 2009

ಧರ್ಮೇಶ್,

ನಿನ್ನ ಪತ್ರ ಹದಿನಾರಕ್ಕೆ ಬಂತು. ನಿನ್ನ ಪತ್ರಗಳು ಒಟ್ಟು ನಾಲ್ಕು. ನಾಲ್ಕನ್ನೂ ಮೇಜಿನ ಮೇಲೆ ಹರಡಿ ಕೂತೆ. ಕೊನೆಯದೂ ಒಂದು ಹೊಸ ವೇಷ ಇರಬಹುದು ಎಂದು ಒಂದು ಇಡೀ ದಿನ ಯೋಚಿಸಿದೆ. "ಬನ್ಸ್ ತಿಂದೆ" ಎಂಬಲ್ಲಿಗೆ ಬಂದಾಗಲೆಲ್ಲ ಯೋಚನೆ ನಿಂತುಹೋಗುತ್ತಿತ್ತು. ಸುಳ್ಳು ಹೇಳುವವನು ತಿಂದ ಬನ್ಸಿನ ಮಾತನ್ನು ಬಿಟ್ಟುಬಿಡುತ್ತಾನೆ.

ಸಂಖ್ಯೆಯನ್ನು ಬದಲಿಸಲಿಲ್ಲ. ನನ್ನ ಪ್ರೋಗ್ರಾಂ ಹೇಳುವುದು 1.36 ಅಂತಲೇ, ಅದನ್ನು ತಿದ್ದಿದರೆ ಬಾಯಿಪಾಠದ ಉತ್ತರ ಬರೆದಂತೆ. ಕೆಳಗೆ ಒಂದು ವಾಕ್ಯ ಸೇರಿಸಿದೆ: "0.03 ಎಂಬುದು ಈ ಪ್ರೋಗ್ರಾಮಿನಲ್ಲಿ ಇರುವುದಕ್ಕೆ ಮಾತ್ರ. ಅದರಲ್ಲಿ ಇಲ್ಲದ್ದರಿಂದ ಆಗುವ ತಪ್ಪು ಎಷ್ಟೆಂದು ನನಗೆ ಗೊತ್ತಿಲ್ಲ."

ಸಮಿತಿಯಲ್ಲಿ ಒಬ್ಬರು, "ಗೊತ್ತಿಲ್ಲ ಎಂಬುದನ್ನು ಗ್ರಾಫಿನಲ್ಲಿ ಎಲ್ಲಿ ತೋರಿಸುತ್ತೀರಿ?" ಎಂದರು. ಎಲ್ಲರೂ ನಕ್ಕರು. ಇನ್ನೊಬ್ಬರು ಈ ಅನುಮಾನಕ್ಕೆ ಪುರಾವೆ ಏನೆಂದು ಕೇಳಿದರು. ಒಬ್ಬ ಸುಳ್ಳುಗಾರ ಸಂಸ್ಕೃತ ಬಿಟ್ಟು ಕನ್ನಡದಲ್ಲಿ ಬರೆದಿದ್ದಾನೆ ಎಂದು ಹೇಗೆ ಹೇಳಲಿ?

ಗೈಡ್ ಅರಗು ಒಡೆದರು. ನಿನ್ನ ಚೀಟಿ ಗಟ್ಟಿಯಾಗಿ ಓದಿದರು: "ಐದು ತಿರುಪುಗಳನ್ನೂ ಮುಟ್ಟಿಲ್ಲ. ಸಂಖ್ಯೆ 1.03. ನ್ಯೂಟ್ರಿನೊ ಕೆಲವು ಸಲ ಒಂದು ಕಣಕ್ಕಲ್ಲ, ಅಂಟಿಕೊಂಡ ಜೋಡಿಗೆ ಹೊಡೆಯುತ್ತದೆ ಎಂಬ ಹೊಸ ಭಾಗವನ್ನು ಪ್ರೋಗ್ರಾಮಿಗೆ ಸೇರಿಸಿದ್ದೇನೆ. ಎದ್ದು ಬರುವ ಪ್ರೋಟಾನು ಒಂದಾದರೂ ಎರಡಾದರೂ ಎಣ್ಣೆಯಲ್ಲಿ ಕಾಣುವುದಿಲ್ಲ. ಎಲೆಕ್ಟ್ರಾನ್ ಪ್ರಯೋಗದವರು ಇಂಥ ಜೋಡಿಗಳನ್ನು ಹಿಂದೆಯೇ ಕಂಡಿದ್ದರೆಂದು ಎಂ.ಎಸ್ಸಿ. ಲೈಬ್ರರಿಯಲ್ಲಿ ಓದಿದ್ದೆ."

ನಾನು ನಿನ್ನ ಚೇಷ್ಟೆಯನ್ನು ನೂರಕ್ಕೆ ಎರಡರಷ್ಟು ನಿಖರವಾಗಿ ಅಳೆದು, ಅದಕ್ಕೆ ಬೇರೆ ಹೆಸರಿಟ್ಟಿದ್ದೆ: ಜೋಡಿಯಿಂದ ಹೆಚ್ಚಿದ ಹೊಡೆತಗಳನ್ನು ಸಂಖ್ಯೆಯೇ ದೊಡ್ಡದು ಎಂದು ಓದಿದ್ದೆ.

ಸಮಿತಿಯ ತೀರ್ಮಾನ: ಜೋಡಿ ಗೀಡಿ ಎಲ್ಲ ಹುಡುಗಾಟ. ಆದರೆ ಉತ್ತರ ತಪ್ಪು, ಆದ್ದರಿಂದ ವಿಧಾನ ಅನುತ್ತೀರ್ಣ. ದತ್ತಾಂಶ ಇನ್ನೊಂದು ಗುಂಪಿಗೆ ಹೋಯಿತು. ಅವರ ವಿಧಾನ ನನ್ನದಕ್ಕಿಂತ ಹಳೆಯದು, ಪ್ರೋಗ್ರಾಂ ಅದೇ. ಅವರ ಸುಳ್ಳು ದತ್ತಾಂಶ ತಯಾರಿಸಿದ್ದು ಅವರ ನಂಬಿಕಸ್ಥರು.

ನಿನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ.

ದಾಕ್ಷಾಯಿಣಿ

*

ಕೊಪ್ಪ
2 ಮಾರ್ಚ್ 2009

ದಾಕ್ಷಾಯಿಣಿ,

ಬಿರುದು ಹಾಕದೇ ಬರೆಯುವುದು ಇನ್ನೂ ಅಭ್ಯಾಸವಾಗಿಲ್ಲ, ಅಂಗಿ ಹಾಕದೇ ಪೇಟೆಗೆ ಬಂದ ಹಾಗಿದೆ.

ಸೋಲಬೇಕೆಂದು ಮಾಡಿದ್ದಲ್ಲ. ನೀನು ಹಿಡಿಯುತ್ತೀ ಅಂದುಕೊಂಡಿದ್ದೆ. ಮರದ ಮೇಲೆ ಸೈಕಲ್ ಇಟ್ಟವನಿಗೆ ಯಾರಾದರೂ ಮೇಲೆ ನೋಡುತ್ತಾರೆ ಅನ್ನುವ ಭರವಸೆ ಇರುತ್ತದೆ. ಯಾರೂ ನೋಡದಿದ್ದರೆ ಅದು ಕಳ್ಳತನ ಅನ್ನಿಸಿಕೊಳ್ಳುತ್ತದೆ.

ಮೊನ್ನೆ ನರಸಿಂಹರಾಜಪುರದಲ್ಲಿ ನಿನ್ನ ಅಪ್ಪನ ಅಂಗಡಿಗೆ ಹೋಗಿದ್ದೆ. ರ್‍ಯಾಂಕಿನ ವಿಷಯ ಅವರಿಗೂ ಹೇಳಬೇಕೆಂದು. ಜಯದೇವಪ್ಪನವರು ಪೂರ್ತಿ ಕೇಳಿಸಿಕೊಂಡು, "ಇದನ್ನ ಹೇಳಕ್ಕೆ ನಾಕು ವರ್ಷ ಬೇಕಾಯ್ತೇನಯ್ಯ?" ಅಂದರು. ಆಮೇಲೆ ಕಾಫಿ ತರಿಸಿದರು. ನನಗೊಂದು ಲೋಟ, ಅವರಿಗೊಂದು. ಸಕ್ಕರೆ ನನ್ನದಕ್ಕೆ ಹಾಕಿಸಲಿಲ್ಲ.

ತೀರ್ಮಾನವಾದಾಗ ತಿಳಿಸು.

ಧರ್ಮೇಶ

*

ಮುಂಬಯಿ
9 ಆಗಸ್ಟ್ 2009

ಧರ್ಮೇಶ,

ಮಾರ್ಚಿನ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರೆಯುವಂಥದು ಇರಲಿಲ್ಲ. ಇವತ್ತು ಇದೆ.

ಗುರುವಾರ ಆ ಇನ್ನೊಂದು ಗುಂಪು ನಿಜವಾದ ದತ್ತಾಂಶವನ್ನು ತೆರೆಯಿತು. ನಮ್ಮನ್ನೂ ಕರೆದಿದ್ದರು, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ಸಂಖ್ಯೆ ಬಂತು. 1.35. ಗೆರೆ ಚುಕ್ಕೆಗಳ ಮೇಲೆ ಚೆನ್ನಾಗಿ ಕೂತಿತ್ತು. ಕೋಣೆಯೆಲ್ಲ ಚಪ್ಪಾಳೆ. "ಹಾಗಾದರೆ ಹಳೆಯ ಪ್ರಯೋಗಗಳೆಲ್ಲ ತಪ್ಪು!" ಎಂದು ಯಾರೋ ಕೂಗಿದರು.

ನನ್ನ ಮೊದಲ ಯೋಚನೆ ಏನೆಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಸಿ.ಡಿ. ಹೇಗೋ ಇದರೊಳಗೆ ಸೇರಿದೆ ಎಂದುಕೊಂಡೆ. ಶೃಂಗೇರಿಯ ಆ ಸೈಬರ್ ಅಂಗಡಿಯವನ ಪ್ರತಿಯೂ ನೆನಪಾಯಿತು. ಮೆಟ್ಟಿಲಿಳಿದು ಓಡಿದೆ. ಗೈಡ್ ಅವರ ಕಪಾಟು ತೆಗೆಸಿ ನೋಡಿದೆ. ಸಿ.ಡಿ. ಅಲ್ಲೇ ಇತ್ತು. ಎರಡು ಫೈಲುಗಳನ್ನೂ ಪಕ್ಕಪಕ್ಕ ಇಟ್ಟು ಎರಡು ದಿನ ಹೋಲಿಸಿದೆ. ಒಂದು ಸಾಲೂ ಒಂದೇ ಇಲ್ಲ. ಅವರದು ಟ್ಯಾಂಕಿನಿಂದಲೇ ಬಂದದ್ದು. ಯಾರೂ ಏನನ್ನೂ ಬದಲಿಸಿಲ್ಲ. ನೀನಂತೂ ಕೊಪ್ಪ ಬಿಟ್ಟಿಲ್ಲ, ಅಪ್ಪನ ಹತ್ತಿರ ವಿಚಾರಿಸಿದೆ.

ಅನುಮಾನಪಡಲು ಮನುಷ್ಯರು ಯಾರೂ ಉಳಿದಿಲ್ಲ. ಅದೇ ಹೆದರಿಕೆ: ನೀನು ಚೇಷ್ಟೆಗೆ ಸೇರಿಸಿದ ಜೋಡಿ ನಿಜವಾದ ಟ್ಯಾಂಕಿನಲ್ಲೂ ಇರಬಹುದು.

ನಿನ್ನ ಜೋಡಿಯ ಭಾಗವನ್ನು ಪೂರ್ತಿ ಕಳಿಸು, ಒಂದೊಂದು ಸಾಲಿಗೂ ವಿವರಣೆ ಬರೆದು. ನಾನು ಯಾವ ಸಾಲನ್ನೂ ನಂಬುವುದಿಲ್ಲ, ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸುತ್ತೇನೆ. ಗೈಡ್ ಒಪ್ಪಿದ್ದಾರೆ. ಬರೆಯುವ ಲೇಖನದ ಮೇಲೆ ಇಬ್ಬರ ಹೆಸರೂ ಇರುತ್ತದೆ, ಯಾರದು ಮೊದಲು ಎಂದು ಈಗಲೇ ಕೇಳಬೇಡ.

ಬೇಗ ಕಳಿಸು. ಅಲ್ಲಿ ಇನ್ನೂ ಚಪ್ಪಾಳೆ ನಿಂತಿಲ್ಲ. ನಿಂತ ಮೇಲೆ ಬೇರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ.

ದಾಕ್ಷಾಯಿಣಿ